ಕಣ್ಣೀರಮ್ಮನ ರದ್ದಿ

ಆ ಹೆಸರು ಇಟ್ಟವರು ಪತ್ರಿಕೆಯವರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಟಿ.ವಿ. ಧಾರಾವಾಹಿಗಳಿಗೆ, ನಡುನಡುವೆ ಸಿನಿಮಾಗಳಿಗೆ, ಒಂದು ಇಡೀ ತಲೆಮಾರು ಕೂತು ಅಳುವಷ್ಟು ಸಂಭಾಷಣೆ ಬರೆದದ್ದಕ್ಕೆ ಯಾವನೋ ವಿಮರ್ಶಕ ಅವಳನ್ನು ಕಣ್ಣೀರಮ್ಮ ಎಂದು ಗೇಲಿ ಮಾಡಿದ್ದ. ಗೇಲಿ ಜನರಿಗೆ ಹಿಡಿಸಿತು. ಕೊನೆಕೊನೆಗೆ ಸನ್ಮಾನಪತ್ರದಲ್ಲೂ ಅದನ್ನೇ ಅಚ್ಚು ಹಾಕಿಸಿದರು, ಮಹಾರಾಯರು! ನಿಜ ಹೇಳಬೇಕೆಂದರೆ ಆ ಹೆಂಗಸು ಜೀವಮಾನದಲ್ಲಿ ಅತ್ತದ್ದು ಕಡಿಮೆ, ಬೈದದ್ದೇ ಹೆಚ್ಚು. ಅಳು ಅವಳ ಕಸುಬಾಗಿತ್ತು, ಅಷ್ಟೇ.

ಬೈಗುಳಕ್ಕೆ ಮುಖ್ಯ ಕಾರಣ ಧಣಿ. ಚಾನೆಲ್ಲಿನ ಯಜಮಾನನನ್ನು ಅಲ್ಲಿ ಎಲ್ಲರೂ ಧಣಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಅವಳು ಕಚೇರಿಗೆ ಕಾಲಿಟ್ಟ ಕೂಡಲೇ ಆತ ಎದುರಿಗೆ ಕೂರಿಸಿಕೊಂಡು, ಕಡ್ಡಿಯಿಂದ ಹಲ್ಲು ಕೆದಕುತ್ತಾ, "ಇವತ್ತು ಕಿರಿ ಸೊಸೆ ಅಳ್ಬೇಕು" ಅನ್ನುತ್ತಿದ್ದ.

"ನಿನ್ನೆ ತಾನೇ ಅತ್ತಳಲ್ಲ ಧಣಿ."

"ನಿನ್ನೆ ಗಂಡನ ಮುಂದೆ ಅತ್ತಳು. ಇವತ್ತು ಅತ್ತೆ ಮುಂದೆ ಅಳ್ಲಿ."

ಮುಗಿಯಿತು, ಅದೇ ಕಥೆ. ಸಂಜೆ ಎಂಟು ಗಂಟೆಗೆ ಬರುತ್ತಿದ್ದ ಆ ಧಾರಾವಾಹಿಯನ್ನು ಜನ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. 'ಎಂಟು ಗಂಟೆದು' ಅಂದರೆ ಸಾಕು, ಎಲ್ಲರಿಗೂ ಗೊತ್ತು. ಕಣ್ಣೀರಮ್ಮ ಧಣಿ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಡುತ್ತಿದ್ದಳು. ಟೈಪಾಗಿ ಬಂದ ಪ್ರತಿಗಳಲ್ಲಿ ಒಂದು ಅವಳದು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, ಆ ಪ್ರತಿಯನ್ನು ಮಗುಚಿ ಹಾಕಿಕೊಂಡು, ಪೆನ್ಸಿಲ್ ಹೆರೆದು, ಅದೇ ದೃಶ್ಯವನ್ನು ಹಾಳೆಯ ಹಿಂಬದಿಯಲ್ಲಿ ಮತ್ತೊಮ್ಮೆ ಬರೆಯುತ್ತಿದ್ದಳು. ಈ ಸಲ ಧಣಿ ಹೇಳಿದ ಹಾಗಲ್ಲ, ತನಗೆ ಸರಿ ಕಂಡ ಹಾಗೆ. ಮುಂಬದಿಯಲ್ಲಿ ಕಿರಿ ಸೊಸೆ ಬಿಕ್ಕಿ ಬಿಕ್ಕಿ ಅತ್ತರೆ, ಹಿಂಬದಿಯಲ್ಲಿ ಅದೇ ಕಿರಿ ಸೊಸೆ ಸೊಂಟದ ಮೇಲೆ ಕೈಯಿಟ್ಟು ಮಾತಿಗೆ ಮಾತು ಕೊಡುತ್ತಿದ್ದಳು. ಬರೆದು ಮುಗಿಸಿದ ಮೇಲೆ ಕಣ್ಣೀರಮ್ಮನಿಗೆ ಊಟ ಅರಗುತ್ತಿತ್ತು.

ಬಚ್ಚಿಡಲು ಹಿಂಬದಿಗಿಂತ ಒಳ್ಳೆಯ ಜಾಗ ಆ ಕಸುಬಿನಲ್ಲಿ ಇನ್ನೊಂದಿಲ್ಲ. ಸ್ಕ್ರಿಪ್ಟನ್ನು ಯಾವತ್ತೂ ಒಂದೇ ಬದಿ ಟೈಪ್ ಮಾಡುತ್ತಾರೆ. ಚಿತ್ರೀಕರಣದ ನಡುವೆ ಹಾಳೆ ಮಗುಚಿದರೆ ಸದ್ದು ಮೈಕಿಗೆ ಹೋಗುತ್ತದೆ, ನಟರು ಸಾಲು ತಪ್ಪುತ್ತಾರೆ. ಹಾಗಾಗಿ ಹಿಂಬದಿ ಅಂದರೆ ಟೀ ಲೋಟ ಇಡುವ ಜಾಗ. ಸಹಾಯಕ ನಿರ್ದೇಶಕ ಫೋನ್ ನಂಬರ್ ಗೀಚಿಕೊಳ್ಳುವ ಜಾಗ. ಅದನ್ನು ಯಾರೂ ಓದುವುದಿಲ್ಲ. ಅವಳೂ ಯಾರಿಗೂ ತೋರಿಸಲಿಲ್ಲ, ಒಂದೇ ಸೂರಿನಡಿ ಇರುವ ತಂಗಿಗೂ ತೋರಿಸಲಿಲ್ಲ. ತಾನು ಸತ್ತ ಮೇಲೆ ಯಾರೋ ಒಬ್ಬರು ಹಾಳೆ ಮಗುಚಿ ನೋಡಲಿ, ಆಗ ಗೊತ್ತಾಗುತ್ತದೆ ಇವರಿಗೆಲ್ಲಾ ಕಣ್ಣೀರಮ್ಮ ಯಾರು ಅಂತ. ಇದೊಂದೇ ಅವಳ ಹಂಚಿಕೆ.

ಅದಕ್ಕೇ, ಚಾನೆಲ್ಲಿನವರು ಹೊಸದಾಗಿ ಕಟ್ಟಿಸಿದ ಸಂಗ್ರಹಾಲಯದಿಂದ "ನಿಮ್ಮ ಹಸ್ತಪ್ರತಿಗಳನ್ನು ಮುಂದಿನ ಪೀಳಿಗೆಗಾಗಿ ಕಾಪಾಡುತ್ತೇವೆ" ಎಂದು ಕೇಳಿಕೊಂಡು ಬಂದಾಗ, ಅಟ್ಟದಲ್ಲಿದ್ದ ಪೆಟ್ಟಿಗೆಗಳನ್ನೆಲ್ಲಾ ಸಂತೋಷದಿಂದ ಇಳಿಸಿ ಕೊಟ್ಟಿದ್ದಳು. ಅವರು ತೋರಿಸಿದಲ್ಲೆಲ್ಲಾ ಸಹಿ ಹಾಕಿದ್ದಳು. ಸಣ್ಣಕ್ಷರದಲ್ಲಿ ಏನೇನು ಬರೆದಿತ್ತೋ, ಓದಲಿಲ್ಲ. ಊರಿಗೆಲ್ಲಾ ಓದಲು ಬರೆದವಳು ತನ್ನ ಕಾಗದ ತಾನು ಓದಲಿಲ್ಲ ನೋಡಿ.

ಆ ಪೆಟ್ಟಿಗೆಗಳ ಕೆಲಸ ಮುಗಿದಿದೆ, ಬಂದು ನೋಡಿ ಎಂದು ಫೋನು ಬಂದ ದಿನ ಅವಳು ಇಸ್ತ್ರಿ ಮಾಡಿಟ್ಟಿದ್ದ ಬಟ್ಟೆ ತೊಟ್ಟಳು. ಹೊಲಿಗೆ ಯಂತ್ರದ ಮುಂದೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದ ತಂಗಿ ತಲೆಯೆತ್ತಿ ನೋಡಿದಳು. ಗಂಡ ಹೋದ ಮೇಲೆ ಅಕ್ಕನ ಮನೆ ಸೇರಿದವಳು ಅವಳು. ನೆರೆಹೊರೆಯವರಿಗೆ ಬಟ್ಟೆ ಹೊಲಿದುಕೊಡುತ್ತಾ, ಅಕ್ಕನಿಗೆ ಬುದ್ಧಿ ಹೇಳುತ್ತಾ ಕಾಲ ಹಾಕುತ್ತಿದ್ದಳು.

"ಏನಕ್ಕ, ಹುಡುಗಿ ನೋಡೋಕೆ ಬಂದಿದಾರಾ?"

"ಬಾಯಿ ಮುಚ್ಚೇ. ನನ್ನ ಹಾಳೆಗಳನ್ನ ಕಂಪ್ಯೂಟರಲ್ಲಿ ಹಾಕಿದಾರಂತೆ."

"ಎಂಟು ಗಂಟೆದೂ ಹಾಕಿದಾರಾ?"

"ಅದಿಲ್ಲದೆ ಇರುತ್ತಾ?"

"ಹಾಗಾದ್ರೆ ಕಂಪ್ಯೂಟರೂ ಅಳುತ್ತೆ ಬಿಡು" ಎಂದು ತಂಗಿ ಮತ್ತೆ ಹೊಲಿಗೆಗೆ ಬಗ್ಗಿದಳು. ಅವಳು ಎಂಟು ಗಂಟೆದರ ವಿಷಯ ಬಂದಾಗಲೆಲ್ಲಾ ಹೀಗೆ ಒಂದು ಕುಟುಕಿ ಸುಮ್ಮನಾಗುತ್ತಿದ್ದಳು. ಕಣ್ಣೀರಮ್ಮ ಅದನ್ನು ಹಚ್ಚಿಕೊಳ್ಳದೆ ಹೊರಟಳು.

ಸಂಗ್ರಹಾಲಯದೊಳಗೆ ಒಳ್ಳೇ ಶವಾಗಾರದ ಚಳಿ. ಕಾಗದ ಕೆಡಬಾರದು ಅಂತ ಹಾಗೆ ತಣ್ಣಗಿಡುತ್ತಾರಂತೆ. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವವಳು ಒಬ್ಬ ಚಿಕ್ಕ ಪ್ರಾಯದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದಳು. ಅವಳನ್ನು ಎಲ್ಲರೂ ದಾಖಲೆ ಮೇಡಂ ಅನ್ನುತ್ತಿದ್ದರು. ಆಕೆ ಕಣ್ಣೀರಮ್ಮನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, "ನಿಮ್ಮ ಎಂಟು ಗಂಟೆದು ನೋಡ್ಕೊಂಡೇ ದೊಡ್ಡವಳಾದೆ ಅಮ್ಮ" ಅಂದಳು. ಕುರ್ಚಿ ಎಳೆದು ಕೂರಿಸಿದಳು. ಟೀ ತರಿಸಿದಳು, ಆದರೆ ಹಾಳೆಗಳ ಹತ್ತಿರ ಬೇಡ ಅಂತ ದೂರದ ಮೇಜಿನ ಮೇಲೆ ಇಡಿಸಿದಳು. ಎಷ್ಟು ಜೋಪಾನ ಇವಳಿಗೆ ಅಂತ ಕಣ್ಣೀರಮ್ಮನಿಗೆ ಹಿಗ್ಗಾಯಿತು.

ಪರದೆಯ ಮೇಲೆ ಹಾಳೆಗಳು ಒಂದೊಂದಾಗಿ ಬಂದವು. ಮೂಲೆ ಮಡಚಿದ್ದು, ಸ್ಟೇಪಲ್ ತುಕ್ಕು ಹಿಡಿದದ್ದು, ಎಲ್ಲಾ ಇದ್ದದ್ದು ಇದ್ದ ಹಾಗೆ. ಕಣ್ಣೀರಮ್ಮ ಒಂದು ನೋಡಿದಳು, ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು.

"ಹಿಂಬದಿ ಎಲ್ಲಮ್ಮ?"

"ಯಾವುದರ ಹಿಂಬದಿ?"

"ಹಾಳೆಯ ಹಿಂಬದಿ."

ದಾಖಲೆ ಮೇಡಂ ನಕ್ಕಳು. "ಸ್ಕ್ರಿಪ್ಟ್ ಒಂದೇ ಬದಿ ಅಲ್ವಾಮ್ಮ? ಯಂತ್ರಕ್ಕೂ ಒಂದೇ ಬದಿ ಓದು ಅಂತ ಹೇಳಿಟ್ಟಿದ್ವಿ. ಹಿಂದೆ ಏನೋ ಪೆನ್ಸಿಲ್ ಗೀಚು ಇತ್ತು ಅಂತ ಕೆಲಸದವರು ಅಂದ್ರು. ಕರಡು ಇರ್ಬೇಕು, ಬಿಡಿ ಅಂದೆ."

ಕಣ್ಣೀರಮ್ಮ ಕುರ್ಚಿಯಿಂದ ಎದ್ದಳು. "ಆಯ್ತು, ಮೂಲ ಹಾಳೆ ಇದೆಯಲ್ಲ. ಅದನ್ನ ಮತ್ತೆ ಯಂತ್ರಕ್ಕೆ ಕೊಡಿ."

ಮೇಡಮ್ಮಿನ ನಗು ಅರ್ಧಕ್ಕೇ ನಿಂತಿತು. ಮೂಲ ಹಾಳೆಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲವೆಂದು ಚಾನೆಲ್ಲಿನಿಂದ ಆದೇಶ ಬಂದಿತ್ತು. ಕಂಪ್ಯೂಟರಿಗೆ ಹೋದದ್ದನ್ನೆಲ್ಲಾ ರದ್ದಿಗೆ ಹಾಕಬೇಕು. ಕಣ್ಣೀರಮ್ಮ ಸಹಿ ಹಾಕಿದ ಕಾಗದದಲ್ಲೂ ಅದೇ ಬರೆದಿತ್ತು. ಪೆಟ್ಟಿಗೆಗಳು ಆಗಲೇ ಹಿಂಬಾಗಿಲ ಬಳಿ ಇದ್ದವು. ರದ್ದಿಯವನ ಗಾಡಿ ಮಧ್ಯಾಹ್ನ ಬರುವುದಿತ್ತು. ಅಲ್ಲಿಂದ ನೇರ ಕಾಗದದ ಕಾರ್ಖಾನೆಗೆ, ಅರೆಯುವ ತೊಟ್ಟಿಗೆ.

ಹಿಂಬಾಗಿಲಿಗೆ ಹೋಗುವ ಓಣಿಯಲ್ಲಿ ಅವಳ ಪೆಟ್ಟಿಗೆಗಳು ಗೋಡೆಗೆ ಒರಗಿಕೊಂಡು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಒಡೆದ ಟ್ಯೂಬ್‌ಲೈಟು, ಮುರಿದ ಕುರ್ಚಿ. ಕಣ್ಣೀರಮ್ಮ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ಹಾಳೆ ಮಗುಚಿ ನೋಡಿದಳು. ಪೆನ್ಸಿಲ್ ಅಕ್ಷರ ಕೊಂಚ ಮಾಸಿತ್ತು, ಆದರೆ ಓದಲು ಬರುತ್ತಿತ್ತು. ಮುಚ್ಚಳ ಹಾಕಿದಳು. ಬಟ್ಟೆಯ ಇಸ್ತ್ರಿ ಹಾಳಾದೀತೆಂದು ಕೂಡ ನೋಡದೆ ಆ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಅಮ್ಮ, ಇಲ್ಲಿ ಕೂರಬಾರದು" ಅಂದಳು ದಾಖಲೆ ಮೇಡಂ.

"ಕೂತಾಯ್ತಲ್ಲ."

"ಗಾಡಿ ಬರುತ್ತೆ."

"ಬರ್ಲಿ. ನನ್ನನ್ನೂ ಸೇರಿಸಿ ತೂಕ ಹಾಕ್ಲಿ."

ಅಲ್ಲಿಂದಲೇ ತಂಗಿಗೆ ಫೋನು ಮಾಡಿದಳು. "ಎದ್ದು ಬಾ. ಜಗಳ ಇದೆ." ತಂಗಿಗೆ ಇಷ್ಟು ಸಾಕಾಗಿತ್ತು. ಏನು, ಯಾಕೆ ಎಂದು ಒಂದು ಮಾತು ಕೇಳದೆ ಹೊರಟು ಬಂದಳು, ಆತುರದಲ್ಲಿ ಕೊರಳಿನ ಅಳತೆ ಟೇಪನ್ನೂ ತೆಗೆದಿಟ್ಟಿರಲಿಲ್ಲ.

ಅವಳು ಬರುವಷ್ಟರಲ್ಲಿ ಸುದ್ದಿ ಮೇಲಕ್ಕೆ ಹೋಗಿ ಧಣಿಯ ಮಗಳು ಕೆಳಗಿಳಿದು ಬಂದಿದ್ದಳು. ಧಣಿ ಹೋಗಿ ಕೆಲವು ವರ್ಷವಾಗಿತ್ತು. ಈಗ ಚಾನೆಲ್ಲೂ ಆಕೆಯದೇ, ಈ ಕಟ್ಟಡವೂ ಆಕೆಯದೇ. ಅಪ್ಪನ ಹಾಗೆ ಹಲ್ಲು ಕೆದಕುವವಳಲ್ಲ, ಮಾತು ಬೆಣ್ಣೆ.

"ಆಂಟಿ, ಏನಿದು? ಸಣ್ಣ ಮಕ್ಕಳ ಹಾಗೆ?"

"ನಿಮ್ಮಪ್ಪ ನನ್ನನ್ನ ಆಂಟಿ ಅಂತಿರಲಿಲ್ಲ, ನೀನೂ ಅನ್ಬೇಡ. ಹಿಂಬದಿಗಳನ್ನ ಯಂತ್ರಕ್ಕೆ ಕೊಡಿಸು, ಏಳ್ತೀನಿ."

"ಏನಿದೆ ಅದರಲ್ಲಿ?"

"ಓದು."

ಅವಳು ಒಂದು ಹಾಳೆ ಎತ್ತಿಕೊಂಡು ನಿಂತಲ್ಲೇ ಓದತೊಡಗಿದಳು. ಬೆಣ್ಣೆ ಕರಗುತ್ತಾ ಬಂತು. ಅದರಲ್ಲಿ ಮನೆಯ ಹಿರಿಯ ಯಜಮಾನ ಹಲ್ಲು ಕೆದಕುತ್ತಾ "ಹೆಂಗಸು ಅತ್ತರೇ ಮನೆಗೆ ಶೋಭೆ" ಅನ್ನುತ್ತಾನೆ. ಕಿರಿ ಸೊಸೆ ಅವನ ಕೈಯಿಂದ ಕಡ್ಡಿ ಕಿತ್ತುಕೊಂಡು "ಹಾಗಾದರೆ ನೀವು ಸ್ವಲ್ಪ ಅತ್ತು ಶೋಭಿಸಿ ಮಾವ, ನಮಗೆ ಕೆಲಸ ಇದೆ" ಅನ್ನುತ್ತಾಳೆ. ಆ ಯಜಮಾನ ಯಾರೆಂದು ಮಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದು ನಮ್ಮಪ್ಪ."

"ನಿಮ್ಮಪ್ಪನ ಕಡ್ಡಿ, ಖಂಡಿತ."

"ಆಂಟಿ, ನಾವು ಎಂಟು ಗಂಟೆದನ್ನ ಮತ್ತೆ ಹೊಸದಾಗಿ ತೆಗೀತಾ ಇದೀವಿ. ಅಪ್ಪನ ನೆನಪಿಗೆ. ಈ ಹೊತ್ತಲ್ಲಿ ಇಂಥದ್ದೆಲ್ಲಾ ಹೊರಗೆ ಬಂದ್ರೆ ಜನ ನಗಲ್ವಾ?"

"ನಗ್ಲಿ. ಪಾಪ, ಇಷ್ಟು ವರ್ಷ ಅತ್ತಿದಾರೆ."

ತಂಗಿ ಏದುಸಿರು ಬಿಡುತ್ತಾ ಓಣಿಗೆ ಬಂದದ್ದು ಆಗ. ಅಕ್ಕ ಪೆಟ್ಟಿಗೆಯ ಮೇಲೆ ಕೂತದ್ದನ್ನೂ ಎದುರಿಗೆ ಇಬ್ಬರು ನಿಂತದ್ದನ್ನೂ ನೋಡಿ, ತಾನೂ ಇನ್ನೊಂದು ಪೆಟ್ಟಿಗೆಯ ಮೇಲೆ ಕೂತಳು. "ಏನು ಸಮಾಚಾರ?" ಅಂದಳು. ಕಣ್ಣೀರಮ್ಮ ಎರಡು ಮಾತಿನಲ್ಲಿ ಹೇಳಿದಳು. ಹಾಳೆಯ ಹಿಂದೆ ನನಗಾಗಿ ಬರೆದುಕೊಂಡಿದ್ದೆ, ಇವರು ಅದನ್ನು ಅರೆಯಲು ಕಳಿಸುತ್ತಿದ್ದಾರೆ. ತಂಗಿ "ಓಹೋ" ಎಂದಳು. ತಾನು ಕೂತಿದ್ದ ಪೆಟ್ಟಿಗೆಯ ಬದಿಗೆ ಕಂತುಗಳ ವಿವರ ಬರೆದು ಅಂಟಿಸಿದ್ದ ಚೀಟಿ ನೋಡಿದಳು, ಎದ್ದು ಮುಚ್ಚಳ ತೆಗೆದು ಒಳಗೆ ಏನನ್ನೋ ಹುಡುಕತೊಡಗಿದಳು.

ಧಣಿಯ ಮಗಳು ದಡ್ಡಿಯಲ್ಲ. ಜಗಳದಿಂದ ಕೆಲಸ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಸ್ವರ ಇಳಿಸಿ, ಕಣ್ಣೀರಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಸರಿ, ಹೀಗ್ಮಾಡೋಣ" ಅಂದಳು. "ಗಾಡಿ ವಾಪಸ್ ಕಳಿಸ್ತೀನಿ. ಹಿಂಬದಿಯನ್ನೂ ಯಂತ್ರಕ್ಕೆ ಕೊಡಿಸ್ತೀನಿ. ಆದ್ರೆ ಅದನ್ನ ಬೀಗ ಹಾಕಿಡ್ತೀವಿ. ನಿಮ್ಮ ಕಾಲ, ನನ್ನ ಕಾಲ ಎಲ್ಲಾ ಮುಗಿದ ಮೇಲೆ ಯಾರಾದ್ರೂ ತೆಗೆದು ಓದ್ಲಿ. ಅಲ್ಲೀವರೆಗೆ ಎಲ್ಲೂ ಬಾಯಿ ಬಿಡಲ್ಲ ಅಂತ ನೀವೊಂದು ಸಹಿ ಹಾಕಿಕೊಡಿ, ಅಷ್ಟೇ."

ಕಣ್ಣೀರಮ್ಮ ಯೋಚಿಸಿದಳು. ಅವಳು ಬಯಸಿದ್ದಾದರೂ ಇನ್ನೇನು? ಸತ್ತ ಮೇಲೆ ಯಾರಾದರೂ ಓದಲಿ ಅಂತ ತಾನೇ. ಹಾಳೆ ಉಳಿಯುತ್ತದೆ, ಅಕ್ಷರ ಉಳಿಯುತ್ತದೆ, ಜಗಳವೂ ಮುಗಿಯುತ್ತದೆ. ದಾಖಲೆ ಮೇಡಂ ಓಡಿ ಹೋಗಿ ಬರೆಸಿ ತಂದ ಕಾಗದವನ್ನು ಈ ಸಲ ಸಣ್ಣಕ್ಷರ ಸಮೇತ ಓದಿದಳು. ಮೋಸವೇನೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು.

"ಅಕ್ಕ."

ತಂಗಿಯ ದನಿ ಎಂದಿನಂತಿರಲಿಲ್ಲ. ಅವಳ ಕೈಯಲ್ಲಿ ಒಂದು ಹಾಳೆ ಇತ್ತು.

"ಇದು ಉಂಗುರದ ಕಂತು ಅಲ್ವಾ?"

ಉಂಗುರದ ಕಂತು ಯಾರಿಗೆ ಗೊತ್ತಿಲ್ಲ? ಅತ್ತೆಯ ಉಂಗುರ ಕಳೆದುಹೋಗುತ್ತದೆ, ಕದಿಯದ ಕಿರಿ ಸೊಸೆಯ ಮೇಲೆ ಕಳವು ಹೊರಿಸುತ್ತಾರೆ, ಅವಳು ಮನೆಯವರೆಲ್ಲರ ಮುಂದೆ ಮಂಡಿಯೂರಿ "ತಪ್ಪಾಯ್ತು, ಕ್ಷಮಿಸಿ" ಎಂದು ಬೇಡುತ್ತಾಳೆ. ಅವತ್ತು ಮನೆಮನೆಯಲ್ಲಿ ಕರವಸ್ತ್ರ ಒದ್ದೆಯಾಗಿತ್ತಂತೆ. ಧಣಿ ಕಚೇರಿಯಲ್ಲಿ ಸಿಹಿ ಹಂಚಿಸಿದ್ದ.

ತಂಗಿ ಹಾಳೆಯ ಹಿಂಬದಿಯನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದತೊಡಗಿದಳು. "ಕಿರಿ ಸೊಸೆ ಮಂಡಿಯೂರುವುದಿಲ್ಲ. ನಿಂತೇ ಮಾತಾಡುತ್ತಾಳೆ. ಉಂಗುರ ಕದ್ದವರು ಯಾರು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಗೊತ್ತಿದ್ದೂ ನನ್ನ ಮಂಡಿ ಬೇಕಾ ಅತ್ತೆ ನಿಮಗೆ? ಕೊಡಲ್ಲ. ಈ ಮಂಡಿ ಇರೋದು ನನ್ನ ಭಾರ ಹೊರೋಕೆ. ಚಪ್ಪಲಿ ಮೆಟ್ಟುತ್ತಾಳೆ. ಬಾಗಿಲು ತೆಗೆಯುತ್ತಾಳೆ. ಹೋಗುತ್ತಾಳೆ. ಇಲ್ಲಿ ಸಂಗೀತ ಬೇಡ."

ದಾಖಲೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡಳು.

"ಇದನ್ನ ಯಾವಾಗ ಬರೆದೆ?" ಅಂದಳು ತಂಗಿ.

"ಅವತ್ತೇ. ಮುಂಬದಿ ಬರೆದ ದಿನವೇ."

"ಅವತ್ತೇ." ತಂಗಿ ಆ ಮಾತನ್ನು ಬಾಯಲ್ಲಿ ಹೊರಳಿಸಿದಳು. "ಆ ಕಂತು ಬಂದ ಮಾರನೇ ದಿನ ಏನಾಯ್ತು ಗೊತ್ತಾ ನಿನಗೆ? ನಮ್ಮತ್ತೆ ನನ್ನನ್ನ ನಡುಮನೇಲಿ ನಿಲ್ಲಿಸಿದ್ರು. ನಾದಿನಿ, ಮೈದುನ, ಎಲ್ಲಾ ಸಾಲಾಗಿ ಕೂತಿದ್ರು, ಟಿ.ವಿ. ನೋಡೋಕೆ ಕೂತ ಹಾಗೆ. ನಾನು ಮಾಡಿದ್ದು ಇಷ್ಟೇ, ಗಂಡ ಕುಡಿದು ಬಂದಾಗ ಬಾಗಿಲು ತೆಗೀಲಿಲ್ಲ. ನೋಡಿದೆಯಲ್ಲ, ಅಂದ್ರು. ನಿಮ್ಮಕ್ಕನೇ ಬರೆದಿದ್ದು, ಸೊಸೆ ಅಂದ್ರೆ ಹಾಗಿರ್ಬೇಕು, ಮಂಡಿಯೂರು, ಅಂದ್ರು. ಊರಿದೆ. ಅಕ್ಕನೇ ಹೇಳಿದ ಮೇಲೆ ಇನ್ನೇನು ಅಂತ ಊರಿದೆ. ಅವತ್ತಿಂದ ಆ ಮನೆಯವರಿಗೆ ಅದೇ ರೂಢಿಯಾಯ್ತು."

"ನಂಗೆ ಯಾಕೆ ಹೇಳಲಿಲ್ಲ?"

"ನೀನು ನಂಗೆ ಯಾಕೆ ತೋರಿಸಲಿಲ್ಲ?" ತಂಗಿ ಕಿರುಚಿಕೊಂಡಳು. ಮುಖವೆಲ್ಲಾ ಕೆಂಪಾಗಿತ್ತು. "ಇಂಥ ಮಾತು ಹೊಟ್ಟೇಲಿಟ್ಟುಕೊಂಡು ಹಿಂದೆ ಬಚ್ಚಿಡ್ತೀಯಾ? ಯಾರಿಗೋಸ್ಕರ? ಸತ್ತ ಮೇಲೆ ಬರೋ ಯಾವನೋ ಪಂಡಿತನಿಗೋಸ್ಕರನಾ? ಅವನ ಮಂಡಿಗೆ ಏನು ನೋವಾಗಿತ್ತು? ನೋವಾಗಿದ್ದು ನಂಗೆ. ಈಗ ಮತ್ತೆ ಬೀಗ ಹಾಕೋಕೆ ಸಹಿ ಹಾಕ್ತೀಯಾ? ಹಾಕು. ಹಾಕಿ ನೋಡು. ಆಮೇಲೆ ನಾನು ಯಾರೋ, ನೀನು ಯಾರೋ."

ಕಣ್ಣೀರಮ್ಮ ಪೆನ್ನನ್ನೂ ನೋಡಿದಳು, ತಂಗಿಯನ್ನೂ ನೋಡಿದಳು. ಅವಳ ಹೊಟ್ಟೆಯೊಳಗೆ ಹಳೆಯ ಬೈಗುಳವೆಲ್ಲಾ ಒಟ್ಟಿಗೆ ಎದ್ದು ನಿಂತ ಹಾಗಾಯಿತು. ಧಣಿಯ ಮೇಲೆ, ಆ ಅತ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪೆನ್ಸಿಲ್ ಹಿಡಿದು ಮೂಲೆಯಲ್ಲಿ ಕೂತು ಸಮಾಧಾನಪಟ್ಟುಕೊಂಡ ತನ್ನ ಮೇಲೆ. ಸಹಿ ಹಾಕಬೇಕಾದ ಕಾಗದವನ್ನು ಎರಡಾಗಿ, ಆಮೇಲೆ ನಾಲ್ಕಾಗಿ ಹರಿದಳು.

"ನನ್ನ ಕಾಲ ಮುಗಿಯೋದನ್ನ ಕಾಯ್ತಾ ಕೂರ್ಬೇಡಮ್ಮ" ಅಂದಳು ಧಣಿಯ ಮಗಳಿಗೆ. "ಈಗಲೇ ಓದ್ತೀನಿ. ದಿನಾ ಎಂಟು ಗಂಟೆಗೆ ನಮ್ಮ ಮನೆ ಬಾಗಿಲು ತೆಗೆದಿಟ್ಟು ಗಟ್ಟಿಯಾಗಿ ಓದ್ತೀನಿ. ಬೇಕಾದವರು ಬಂದು ಕೇಳ್ಲಿ. ನೀನೂ ಬಾ."

ಧಣಿಯ ಮಗಳು ಎದ್ದು ನಿಂತಳು. ಈಗ ಬೆಣ್ಣೆಯ ಪಸೆಯೂ ಉಳಿದಿರಲಿಲ್ಲ. "ಹೇಗೆ ಓದ್ತೀರಿ? ಹಾಳೆ ನಮ್ಮದು. ಕೊಟ್ಟು ಸಹಿ ಹಾಕಿದೀರಿ. ಇವು ರದ್ದಿಗೇ ಹೋಗ್ತವೆ, ಇವತ್ತೇ" ಎಂದು ದಾಖಲೆ ಮೇಡಮ್ಮಿನ ಕಡೆ ತಿರುಗಿದಳು. "ಗೇಟ್ ಪಾಸ್ ಆಗಿದೆಯಾ?"

"ಬೆಳಿಗ್ಗೇನೇ ಆಗಿದೆ ಮೇಡಂ."

"ಗಾಡಿ ಬಂದ ತಕ್ಷಣ ತುಂಬಿಸಿ ಕಳಿಸಿ." ಅಷ್ಟು ಹೇಳಿ ಆಕೆ ಫೋನನ್ನು ಕಿವಿಗೆ ಹಿಡಿದು, ವಕೀಲರನ್ನು ಕರೆಯುತ್ತಾ ಮೆಟ್ಟಿಲು ಹತ್ತಿ ಹೋದಳು.

ಅಕ್ಕತಂಗಿಯರು ಪೆಟ್ಟಿಗೆ ಬಿಟ್ಟು ಜಪ್ಪಯ್ಯ ಅಂದರೂ ಏಳಲಿಲ್ಲ. ಹಾರನ್ ಕೇಳಿಸಿತು. ಹಿಂಬಾಗಿಲು ತೆಗೆದಾಗ ರದ್ದಿಯವನು ತಲೆಗೆ ಬಟ್ಟೆ ಸುತ್ತಿಕೊಂಡು, ತಕ್ಕಡಿ ಹಿಡಿದು ನಿಂತಿದ್ದ. ಇಬ್ಬರು ಹೆಂಗಸರು ಸರಕಿನ ಮೇಲೆ ಠಿಕಾಣಿ ಹೂಡಿದ್ದನ್ನು ನೋಡಿ ಅವನು ತಬ್ಬಿಬ್ಬಾದ.

ದಾಖಲೆ ಮೇಡಂ ಗೇಟ್ ಪಾಸನ್ನೂ ರದ್ದಿಯ ಮುದ್ರೆಯನ್ನೂ ಕೈಯಲ್ಲಿ ಹಿಡಿದುಕೊಂಡು, ಯಾರಿಗೂ ಹೇಳದವಳಂತೆ, ಗೋಡೆ ನೋಡುತ್ತಾ ಮಾತಾಡಿದಳು. "ರದ್ದಿ ಅಂತ ಬರೆದು ಮುದ್ರೆ ಬಿದ್ದ ಮೇಲೆ ಅದು ಸಂಗ್ರಹಾಲಯದ್ದಲ್ಲ. ಗೇಟು ದಾಟಿದ ಮೇಲೆ ಗಾಡಿಯವನದು. ಅವನು ಎಲ್ಲಿಗೆ ಒಯ್ತಾನೆ, ಯಾರಿಗೆ ಮಾರ್ತಾನೆ ಅಂತ ನಾವು ಕೇಳೋ ಹಾಗಿಲ್ಲ. ನಿಯಮ ಹಾಗಿದೆ."

ಕಣ್ಣೀರಮ್ಮ ಆಕೆಯ ಮುಖ ನೋಡಿದಳು. ಆಕೆ ಇನ್ನೂ ಗೋಡೆಯನ್ನೇ ನೋಡುತ್ತಿದ್ದಳು, ಆದರೆ ಮುದ್ರೆಯನ್ನು ಪಾಸಿನ ಮೇಲೆ ಇನ್ನೊಂದು ಸಲ ಬೇಕೆಂದೇ ಬಲವಾಗಿ ಗುದ್ದಿದಳು.

ಇಂಥ ವಿಷಯದಲ್ಲಿ ತಂಗಿ ಅಕ್ಕನಿಗಿಂತ ಚುರುಕು. ಟಕ್ಕನೆ ಎದ್ದಳು. "ಏನಪ್ಪಾ, ಇದನ್ನ ನಮ್ಮ ಮನೆಗೆ ಹಾಕ್ತೀಯಾ?"

"ಕಾರ್ಖಾನೆಯವರು ಕಾಯ್ತಿರ್ತಾರಮ್ಮ. ಗಾಡಿ ಖಾಲಿ ಹೋದ್ರೆ ನನ್ನ ತಲೆ ತಿಂತಾರೆ."

"ಖಾಲಿ ಯಾಕೆ ಹೋಗ್ತೀಯಾ? ನಮ್ಮ ಅಟ್ಟದಲ್ಲಿ ಇದಕ್ಕಿಂತ ಜಾಸ್ತಿ ಹಳೇ ಪೇಪರ್ ಬಿದ್ದಿದೆ. ಇವಳನ್ನ ಕಣ್ಣೀರಮ್ಮ ಕಣ್ಣೀರಮ್ಮ ಅಂತ ಹಾಡಿ ಹೊಗಳಿದ್ದು, ಬೈದಿದ್ದು, ಎಲ್ಲಾ ಜೋಡಿಸಿಟ್ಟುಕೊಂಡಿದಾಳೆ, ಹುಚ್ಚಿ. ಅದನ್ನ ತಗೊಂಡು ಹೋಗಿ ಚೆನ್ನಾಗಿ ಅರೆಸು. ಇದನ್ನ ನಮಗೆ ಬಿಡು."

"ಏ, ಅದರಲ್ಲಿ ನನ್ನ ಫೋಟೋ ಇದೆ ಕಣೇ!" ಅಂದಳು ಕಣ್ಣೀರಮ್ಮ.

"ಚೆನ್ನಾಗೇನೂ ಬಂದಿಲ್ಲ. ಸುಮ್ನಿರು."

ರದ್ದಿಯವನು ಕಣ್ಣೀರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವೇನಾ ಆ ಎಂಟು ಗಂಟೆದು ಬರೆದವರು? ಅದು ಬರೋ ಹೊತ್ತಲ್ಲಿ ನಮ್ಮನೆಯವಳು ನಂಗೆ ಒಂದು ಲೋಟ ನೀರೂ ಕೊಡ್ತಿರಲಿಲ್ಲ."

"ಇನ್ನು ಮೇಲೆ ನೀನೇ ತಗೊಂಡು ಕುಡಿ" ಅಂದಳು ತಂಗಿ. "ಎತ್ತು, ಎತ್ತು. ಮೇಲೆ ಹೋದವಳು ಇಳಿದು ಬಂದಾಳು."

ನಾಲ್ವರೂ ಸೇರಿ ಪೆಟ್ಟಿಗೆಗಳನ್ನು ಗಾಡಿಗೆ ಹಾಕಿದರು. ನಾಲ್ವರೂ ಅಂದೆ, ಹೌದು. ಕಾಗದ ಮುಟ್ಟಲು ಬಿಳಿ ಕೈಗವಸು ಹಾಕಿಕೊಳ್ಳುವ ದಾಖಲೆ ಮೇಡಂ ಬರಿಗೈಯಲ್ಲಿ, ಮೊಣಕೈಗೆ ಧೂಳು ಮೆತ್ತಿಕೊಂಡು ಎತ್ತಿದಳು. ಅಕ್ಕತಂಗಿ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಗಾಡಿ ಗೇಟಿನ ಬಳಿ ಬರುವ ಹೊತ್ತಿಗೆ ಧಣಿಯ ಮಗಳು ಮುಂಬಾಗಿಲಿನಿಂದ ಓಡಿಬಂದು ಕಿಟಕಿಗೆ ಅಡ್ಡ ನಿಂತಳು.

"ಕಾಗದ ತಗೊಂಡು ಹೋಗಿ. ಆದ್ರೆ ಕಿರಿ ಸೊಸೆ ನಮ್ಮವಳು, ಆ ಮನೆ ನಮ್ಮದು, ಆ ಕಥೆ ನಮ್ಮದು. ವಕೀಲರನ್ನ ಕೇಳಿದೀನಿ. ನಾಲ್ಕು ಜನರ ಮುಂದೆ ಒಂದು ಸಾಲು ಓದಿದ್ರೂ ಕೇಸ್ ಹಾಕ್ತೀನಿ."

ಕಣ್ಣೀರಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಕಿಟಕಿಯಿಂದ ತಲೆಯನ್ನೇ ಹೊರಗೆ ಹಾಕಿದಳು.

"ಹಾಕಮ್ಮ. ದಯವಿಟ್ಟು ಹಾಕು. ನಾನು ಏನು ಓದಿದೆ ಅಂತ ಕೋರ್ಟಲ್ಲಿ ನಿಮ್ಮ ವಕೀಲರೇ ಗಟ್ಟಿಯಾಗಿ ಓದಿ ತೋರಿಸ್ಬೇಕಾಗುತ್ತೆ. ಜಡ್ಜು ಕೇಳ್ತಾರೆ, ಪೇಪರಿನವರು ಬರ್ಕೋತಾರೆ. ನಂಗೆ ಗಂಟಲು ನೋವು ತಪ್ಪುತ್ತೆ."

ಗೇಟಿನವನು ಪಾಸ್ ನೋಡಿದ, ಎರಡೆರಡು ಮುದ್ರೆ ನೋಡಿದ, ಸರಳು ಎತ್ತಿದ. ಗಾಡಿ ಬೀದಿಗಿಳಿಯಿತು. ರದ್ದಿಯವನು ಮೀಸೆಯಡಿಯಲ್ಲಿ ನಗುತ್ತಾ ಗೇರು ಬದಲಿಸಿದ.

ತಂಗಿ ಉಂಗುರದ ಹಾಳೆಯನ್ನು ಪೆಟ್ಟಿಗೆಗೆ ಹಾಕಿರಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಿದ್ದಳು. ಬಸ್ಸುಗಳ ನಡುವೆ ಗಾಡಿ ನಿಂತಾಗ ಮತ್ತೊಮ್ಮೆ ಓದಿದಳು. ಕಣ್ಣೀರಮ್ಮ ಓರೆಗಣ್ಣಿನಲ್ಲಿ ಅವಳನ್ನೇ ಗಮನಿಸುತ್ತಿದ್ದಳು. ತನ್ನ ಜೀವನದಲ್ಲಿ ಯಾವ ಧಣಿಯ ಮುಖವನ್ನೂ ಅಷ್ಟು ಭಯದಿಂದ ನೋಡಿದ್ದಿಲ್ಲ.

"ಬಾಗಿಲು ತೆಗೆಯುತ್ತಾಳೆ, ಹೋಗುತ್ತಾಳೆ" ಅಂದಳು ತಂಗಿ. "ಎಲ್ಲಿಗೆ ಹೋ‍ದ್ಲು?"

"ಯಾರು?"

"ಇವಳೇ. ಆಮೇಲೆ ಎಲ್ಲಿಗೆ ಹೋದ್ಲು? ಮುಂದಿನ ಹಾಳೆ ಯಾವ ಪೆಟ್ಟಿಗೇಲಿದೆ?"

"ಇಲ್ಲ. ಬರೆದಿಲ್ಲ. ಮಾರನೇ ದಿನ ಧಣಿ ಅವಳನ್ನ ಮತ್ತೆ ಅದೇ ಮನೇಲಿ ಅಡುಗೆಗೆ ನಿಲ್ಲಿಸಿದ್ದ. ಮುಂಬದಿ ಎಲ್ಲಿರುತ್ತೋ ನಾನೂ ಅಲ್ಲಿಂದಲೇ ಶುರು ಮಾಡ್ಬೇಕಿತ್ತು. ಎಷ್ಟೋ ಸಲ ಮನೆ ಬಿಡಿಸಿದೆ. ಬೆಳಗಾದ್ರೆ ಮತ್ತೆ ಒಳಗಿರ್ತಿದ್ಲು."

"ಅಂದ್ರೆ ನನ್ನನ್ನ ಬಾಗಿಲಾಚೆ ನಿಲ್ಲಿಸಿ, ನೀನು ಡಬ್ಬಿ ಎತ್ತಿಕೊಂಡು ಮನೆಗೆ ಹೋಗಿಬಿಟ್ಟೆ!"

ನನ್ನನ್ನ ಅಂದದ್ದು ತಂಗಿಗೂ ಆಮೇಲೆ ಕೇಳಿಸಿತೇನೋ. ಆದರೆ ತಿದ್ದಿಕೊಳ್ಳಲಿಲ್ಲ. ಕಣ್ಣುಗಳು ತುಂಬಿದ್ದವು. ಅಳುತ್ತಿರಲಿಲ್ಲ, ಕಾದಾಡಲು ಸಿದ್ಧವಾದ ಮುಖ ಅದು.

ಕಣ್ಣೀರಮ್ಮ ರದ್ದಿಯವನ ಕಿವಿಯ ಮೇಲಿದ್ದ ಪೆನ್ನನ್ನು ಕೇಳದೆಯೇ ಎಳೆದುಕೊಂಡಳು. ಮುಂದೆ ಬಿದ್ದಿದ್ದ ಅವನ ರಸೀದಿ ಪುಸ್ತಕದ ಖಾಲಿ ಪುಟ ತೆರೆದಳು. "ನೀನೇ ಹೇಳು. ಎಲ್ಲಿಗೆ ಹೋಗ್ತಿದ್ದೆ?"

ತಂಗಿ ಕಿಟಕಿಯ ಹೊರಗೆ ನೋಡಿದಳು. ದೀಪ ಹಸಿರಾಯಿತು, ಹಿಂದಿನವರು ಹಾರನ್ ಹೊಡೆದರು, ರದ್ದಿಯವನು ಗಾಡಿ ಬಿಡುವುದನ್ನೇ ಮರೆತು ಕಿವಿಗೊಟ್ಟು ಕೂತಿದ್ದ.

"ಮೊದಲು ಅಕ್ಕನ ಮನೆಗೆ" ಅಂದಳು. "ಹೋಗಿ ಅವಳ ಕೆನ್ನೆಗೆ ಎರಡು ಬಿಗೀತಿದ್ದೆ. ಆಮೇಲೆ ಅವಳ ಅಡುಗೆಮನೇಲಿ ಕೂತು ಹೊಟ್ಟೆ ತುಂಬ ಊಟ ಮಾಡ್ತಿದ್ದೆ. ಬರ್ಕೋ."

ಕಣ್ಣೀರಮ್ಮ ಒಂದಕ್ಷರ ಬಿಡದೆ ಬರೆದುಕೊಂಡಳು.